ಗಿಳಿಯ ಪಟ್ಟಿ, ಗೂಬೆಯ ಪಟ್ಟಿ

ಅಥಣಿ ರಸ್ತೆ, ವಿಜಯಪುರ
ಭಾನುವಾರ, ೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಸಂಪದಾಗೆ,

‘ಹೇಮಂತ ಮಾಡುವ ನಮಸ್ಕಾರ’ ಎಂದು ಬರೆದು ಹೊಡೆದುಹಾಕಿದ್ದೇನೆ. ಹೆಂಡತಿಗೆ ನಮಸ್ಕಾರ ಬರೆಯಬೇಕೋ ಆಶೀರ್ವಾದ ಬರೆಯಬೇಕೋ ಈ ಹನ್ನೊಂದು ವರ್ಷದಲ್ಲಿ ಕಲಿತಿಲ್ಲ. ಪತ್ರ ಬರೆಯುವ ಪ್ರಸಂಗವೇ ಬಂದಿರಲಿಲ್ಲ. ನಾನು ಕ್ಷೇಮ. ಮನೆಯೂ ಕ್ಷೇಮ. ಹಿತ್ತಲಿನ ಕರಿಬೇವು ಮಾತ್ರ ಎಲೆ ಉದುರಿಸುತ್ತಿದೆ. ನೀರು ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯದು.

ಹೋದ ಭಾನುವಾರ ಬಬಲೇಶ್ವರದಲ್ಲಿ ನಿನ್ನ ತವರುಮನೆಯ ಬಾಗಿಲಲ್ಲಿ ನಿಂತು ನೀನು ಹೇಳಿದ್ದನ್ನು ಬಸ್ಸು ಹತ್ತಿದ ಕೂಡಲೇ ಡೈರಿಯಲ್ಲಿ ಬರೆದುಕೊಂಡೆ. “ನಾವಿಬ್ರೂ ಕೂಡಿ ಸಿನಿಮಾ, ಧಾರಾವಾಹಿ ಅಂತ ಇಷ್ಟೆಲ್ಲಾ ನೋಡೇವಲ್ರಿ. ಅದರಾಗ ನನಗ ಯಾವದು ಭಾಳ ಸೇರತೈತಿ, ಯಾಕ ಸೇರತೈತಿ, ಅಷ್ಟ ಬರದು ಕಳಸ್ರಿ. ಫೋನ್ ಮಾಡಬ್ಯಾಡ್ರಿ, ಫೋನಿನ್ಯಾಗ ಬರೇ ನೀವ ಮಾತಾಡತೀರಿ. ನಿಮಗ ಗೊತ್ತಿದ್ರ ನಾ ಬರ್ತೇನಿ.” ಟಿಕೋಟಾದ ಕಾಲೇಜಿನಲ್ಲಿ ಹದಿನಾರು ವರ್ಷದಿಂದ ಗಣಿತದ ಪ್ರಶ್ನೆಪತ್ರಿಕೆ ತೆಗೆಯುತ್ತಿರುವವನು ನಾನು. ಇಷ್ಟು ಚಿಕ್ಕ ಪ್ರಶ್ನೆಗೆ ಒಂದು ವಾರ ತೆಗೆದುಕೊಂಡಿದ್ದೇನೆ, ನಾಲ್ಕು ಹಾಳೆ ಹರಿದಿದ್ದೇನೆ.

ಮೊದಲು ನನ್ನ ಪೆದ್ದುತನದ ವಿಷಯ ಮುಗಿಸುತ್ತೇನೆ. ಟಿವಿಯ ಆ್ಯಪಿನಲ್ಲಿ ಯಾರು ಏನು ನೋಡಿದರೆಂದು ಲೆಕ್ಕ ಇಡುವ ಪಟ್ಟಿಯನ್ನು ನಮ್ಮಿಬ್ಬರಿಗೂ ಬೇರೆ ಬೇರೆ ಮಾಡಿದವಳು ನೀನೇ. ನಿನ್ನದಕ್ಕೆ ಗಿಳಿಯ ಚಿತ್ರ, ನನ್ನದಕ್ಕೆ ಗೂಬೆಯದು. ಗೂಬೆ ಎಂದರೆ ಓದಿದವರ ಗುರುತು ಎಂದು ನಾನು ಹಿಗ್ಗಿದ್ದೆ. ನೀನು ಯಾವ ಮನಸ್ಸಿನಿಂದ ಇಟ್ಟೆಯೋ, ಕೇಳಲಿಲ್ಲ. ಅದೇ ಅಕೌಂಟು ಎರಡೂ ಪಟ್ಟಿ ಸಮೇತ ಅತ್ತೆಯವರ ಟಿವಿಯಲ್ಲೂ ಇದೆಯಲ್ಲ, ನೀನು ಹೋದ ಮೇಲೆ ನಾನು ದಿನಾ ಟಿಕೋಟಾದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಗಿಳಿಯನ್ನು ಒತ್ತುತ್ತಿದ್ದೆ. ಯಾವ ಸಿನಿಮಾ ನೋಡಿದ್ದೀ, ಎಲ್ಲಿ ನಿಲ್ಲಿಸಿದ್ದೀ ಎಂದು ಅದರಲ್ಲಿ ಕೆಂಪು ಗೆರೆಯೊಂದು ತೋರಿಸುತ್ತದೆ. ನಿನ್ನ ಸುದ್ದಿ ಅಂತ ನನಗಿದ್ದದ್ದು ಆ ಗೆರೆ ಒಂದೇ.

ಗೆರೆ ನಾಲ್ಕು ತಿಂಗಳಿಂದ ಒಂದೇ ಕಡೆ ನಿಲ್ಲುತ್ತಿತ್ತು. ಮದುವೆ ನಿಶ್ಚಯವಾದ ಮೇಲೆ ನಾವಿಬ್ಬರೂ ಸಿದ್ಧೇಶ್ವರ ಗುಡಿಯ ಹತ್ತಿರದ ಥಿಯೇಟರಿನಲ್ಲಿ ನೋಡಿದ ಮೊದಲ ಸಿನಿಮಾ, ‘ಕಲ್ಲುಸಕ್ಕರೆ ಓಣಿ’. ನಾಯಕಿ ಟ್ರಂಕು ಹಿಡಿದು ಗಂಡನ ಮನೆಯ ಮೆಟ್ಟಿಲ ಬಳಿ ಬಂದು ನಿಲ್ಲುತ್ತಾಳಲ್ಲ, ಸರಿಯಾಗಿ ಅಲ್ಲಿ. ಒಂದು ದಿನ ನಿಂತರೆ ಆಕಸ್ಮಿಕ ಅನ್ನಬಹುದು. ವಾರಕ್ಕೆರಡು ಸಲ ಅಲ್ಲೇ ನಿಂತರೆ ಅದು ಸಂದೇಶವಲ್ಲದೆ ಮತ್ತೇನು ಎಂದು ಲೆಕ್ಕ ಹಾಕಿದೆ. ಇಸ್ತ್ರಿ ಅಂಗಿ ಹಾಕಿಕೊಂಡು, ನಿನ್ನ ಇಷ್ಟದ ಪೇಢೆ ತೆಗೆದುಕೊಂಡು ಬಸ್ಸು ಹತ್ತಿದೆ. ಎಲ್ಲರೆದುರು ‘ನೀನು ಹೇಳಿದ್ದು ನನಗೆ ಮುಟ್ಟಿದೆ, ನಡೆ ಹೋಗೋಣ’ ಎಂದುಬಿಟ್ಟೆ. ನೀನು ಕಣ್ಣು ಕಣ್ಣು ಬಿಟ್ಟೆ.

ಅಷ್ಟರಲ್ಲಿ ಅತ್ತೆಯವರು ಚಹಾದ ತಾಟು ಹಿಡಿದೇ ನಗಲಿಕ್ಕೆ ಶುರು ಮಾಡಿದರು. “ಹೇಮಂತಪ್ಪಾ, ಅದನ್ನ ಇಕಿ ಎಲ್ಲಿ ನೋಡ್ಯಾಳ? ನಾ ನೋಡತೇನಿ. ಮಧ್ಯಾಹ್ನ ಊಟ ಆದಮ್ಯಾಲ ಹಚ್ಚತೇನಿ, ಆಕಿ ಟ್ರಂಕು ತಗೊಂಡು ಬರೂದ್ರಾಗ ನನಗ ಜೋಂಪು ಹತ್ತತೈತಿ. ಮುಂದ ಏನಾತು ಅಂತ ಇನ್ನಾ ಗೊತ್ತಿಲ್ಲ ನೋಡು.” ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ನನಗೆ ಅಳು ಬಂದಂತಾಗಿತ್ತು. ನಾಲ್ಕು ತಿಂಗಳು ನಾನು ಅತ್ತೆ ಸಖೂಬಾಯಿಯವರ ಮಧ್ಯಾಹ್ನದ ನಿದ್ದೆಯನ್ನು ಓದುತ್ತಿದ್ದೆ, ಸಂಪದಾ.

ನೀನು ಮಾತ್ರ ನಗಲಿಲ್ಲ. “ನಾ ಏನ ನೋಡಾಕತ್ತೇನಿ ಅಂತ ನನ್ನ ಕೇಳಬೇಕಂತ ನಿಮಗ ಒಂದ ಸರ್ತೆನೂ ಅನಸಲಿಲ್ಲೇನ್ರಿ?” ಎಂದೆ. ಅನಿಸಲಿಲ್ಲ. ಯಾಕೆ ಅನಿಸಲಿಲ್ಲವೆಂದು ಈಗಲೂ ಗೊತ್ತಾಗುತ್ತಿಲ್ಲ.

ಇನ್ನು ಉತ್ತರ. ‘ಕಲ್ಲುಸಕ್ಕರೆ ಓಣಿ’ಯೇ ನಿನಗೆ ಇಷ್ಟದ ಸಿನಿಮಾ ಎಂದು ಬರೆದಿದ್ದೆ. ಅದು ನಾನು ಹರಿದ ಮೊದಲ ಹಾಳೆ. ಥಿಯೇಟರಿನಲ್ಲಿ ನೀನು ಅತ್ತಿದ್ದು ನೆನಪಿದೆ. ಆದರೆ ಯಾವ ದೃಶ್ಯಕ್ಕೆ ಅತ್ತೆ? ಮೆಟ್ಟಿಲ ದೃಶ್ಯಕ್ಕೆ ಎಂದು ಇಷ್ಟು ವರ್ಷ ನಂಬಿದ್ದೆ. ಈಗ ಮತ್ತೆ ನೋಡಿದರೆ ಆ ದೃಶ್ಯದಲ್ಲಿ ಅಳುವಂಥದ್ದು ಏನೂ ಇಲ್ಲ. ಆಕೆ ಬರುತ್ತಾಳೆ, ಅವನು ಟ್ರಂಕು ಇಸಿದುಕೊಳ್ಳುತ್ತಾನೆ, ಹಾಡು. ನನಗಂತೂ ಸಪ್ಪೆ ಅನಿಸಿತು. ಅದಕ್ಕೂ ಮೊದಲು, ಆಕೆ ತವರಿನಲ್ಲಿ ತನ್ನ ಹಳೆಯ ಪುಸ್ತಕಗಳಿಗೆ ರಟ್ಟು ಹಾಕುತ್ತ ಕೂತಿರುವ ಒಂದು ಸಣ್ಣ ದೃಶ್ಯವಿದೆ. ನೀನು ಅತ್ತಿದ್ದು ಅಲ್ಲಿಯೇನು? ಆಗ ನಾನು ನಿನ್ನ ಕಿವಿಯಲ್ಲಿ ಕ್ಯಾಮೆರಾ ಎಲ್ಲಿಟ್ಟಿದ್ದಾರೆಂದು ವಿವರಿಸುತ್ತಿದ್ದೆ. ನಿನ್ನ ಮುಖ ನೋಡಲಿಲ್ಲ.

ಎರಡನೆಯ ಹಾಳೆಯಲ್ಲಿ ‘ಅತ್ತಿಗೆಮ್ಮನ ಅಂಗಳ’ ಧಾರಾವಾಹಿ ಎಂದು ಬರೆದೆ. ಮೂರು ವರ್ಷ ಸಂಜೆ ಏಳೂವರೆಗೆ ನೀನು ಬೇರೆ ಕೆಲಸ ಇಟ್ಟುಕೊಂಡವಳಲ್ಲ. ಅದರ ಕೊನೆಯ ಕಂತಿನ ದಿನವೇ, ಮೇ ತಿಂಗಳಲ್ಲಿ, ಭೌತಶಾಸ್ತ್ರದ ಬಸಲಿಂಗಯ್ಯ ಪೇಪರ್ ತಿದ್ದುವ ವಿಷಯ ಮಾತಾಡಲು ಬಂದರು. ನಾನು ರಿಮೋಟು ತೆಗೆದುಕೊಂಡು ಟಿವಿ ಬಂದ್ ಮಾಡಿದೆ. ‘ಕಡೀಕ ಆಕಿ ಗಂಡನ ಕ್ಷಮಿಸಿ ಮನಿಗೆ ಬರ್ತಾಳ, ಇದರಾಗೇನ ನೋಡೂದೈತಿ, ಚಹಾ ಮಾಡು’ ಎಂದೆ. ನೀನು ಚಹಾ ಮಾಡಿದೆ. ಮರುದಿನ ಬೆಳಿಗ್ಗೆ ಬಬಲೇಶ್ವರಕ್ಕೆ ಹೋದೆ. ಒಂದು ಧಾರಾವಾಹಿಗೆ ಯಾರಾದರೂ ಮನೆ ಬಿಡುತ್ತಾರೆಯೇ ಎಂದು ಬಸಲಿಂಗಯ್ಯನವರೂ ಕೇಳಿದರು, ನಾನೂ ಕಾಲೇಜಿನಲ್ಲಿ ಹಾಗೇ ಹೇಳಿಕೊಂಡು ತಿರುಗಿದೆ.

ಬುಧವಾರ ಆ ಕಂತನ್ನು ನೋಡಿದೆ. ನಾನು ಹೇಳಿದ್ದು ತಪ್ಪು. ಆಕೆ ಗಂಡನನ್ನು ಕ್ಷಮಿಸುವುದೂ ಇಲ್ಲ, ಬೈಯುವುದೂ ಇಲ್ಲ. ಅಂಗಳ ಗುಡಿಸಿ, ಬೀಗ ಹಾಕಿ, ಕೀಲಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಬಾಲವಾಡಿಯ ಕೆಲಸಕ್ಕೆ ಹೋಗುತ್ತಾಳೆ. ಅಷ್ಟಕ್ಕೆ ಮುಗಿಯುತ್ತದೆ. ನನಗೆ ಬರೆದವರ ಮೇಲೆ ಸಿಟ್ಟು ಬಂತು, ಆಮೇಲೆ ಹೆದರಿಕೆ ಬಂತು. ನೀನು ಹೋಗುವಾಗ ಕೀಲಿ ಎಲ್ಲಿಟ್ಟಿದ್ದೆ ಎಂದು ನೆನಪಿಸಿಕೊಂಡೆ. ಕಟ್ಟೆಯ ಮೇಲೆ, ನನ್ನ ಕನ್ನಡಕದ ಪಕ್ಕ. ಅದಕ್ಕೇನಾದರೂ ಅರ್ಥವಿದೆಯೋ, ಬರೇ ಕೀಲಿಯೋ? ಮತ್ತೆ ಮತ್ತೆ ಅರ್ಥ ಹುಡುಕುವ ಚಟ ಹತ್ತಿದೆ, ಅತ್ತೆಯವರ ನಿದ್ದೆಯ ಪ್ರಸಂಗದಿಂದಲೂ ಬುದ್ಧಿ ಬಂದಿಲ್ಲ.

ಮೂರನೆಯ ಹಾಳೆಯಲ್ಲಿ ನನ್ನ ‘ಸಿಗ್ನಲ್ ಮನೆ’ಯನ್ನೇ ಬರೆದಿದ್ದೆ, ನಾಚಿಕೆಯಿಲ್ಲದೆ. ಅದು ನನಗೆ ಪ್ರಾಣ. ಒಂದು ರೈಲು, ಒಬ್ಬ ಸಿಗ್ನಲ್‌ಮನ್, ಎರಡೂವರೆ ತಾಸು. ಅಂಥ ಸಿನಿಮಾ ಮತ್ತೆ ಬಂದಿಲ್ಲವೆಂದು ಇವತ್ತಿಗೂ ಹೇಳುತ್ತೇನೆ. ನಿನಗೆ ಮೂರು ಸಲ ಹಚ್ಚಿ ತೋರಿಸಿದೆ. ಮೂರೂ ಸಲ ನೀನು ಅರ್ಧ ತಾಸಿಗೆ ಅನ್ನಕ್ಕಿಡಬೇಕೆಂದು ಎದ್ದೆ. ನಿನಗೆ ನಿಧಾನದ ಸಿನಿಮಾ ಸೇರುವುದಿಲ್ಲ ಎಂದು ತೀರ್ಮಾನಿಸಿ, ಬಂದವರೆದುರೆಲ್ಲ ಅದನ್ನೊಂದು ಚೇಷ್ಟೆ ಮಾಡಿಕೊಂಡೆ. ಮೂರನೆಯ ಸಲ ಏಳುವಾಗ ನೀನು ಮೆಲ್ಲಗೆ ಹೇಳಿದ್ದೆ: “ನೀವು ಹೇಳೂದು ಮುಗದಮ್ಯಾಲ ಸಿನಿಮಾದಾಗ ನನಗ ಅಂತ ಏನ ಉಳೀತೈತ್ರಿ?” ಅದು ಮೊನ್ನೆ ಹಲ್ಲುಜ್ಜುವಾಗ ನೆನಪಾಯಿತು, ಬ್ರಷ್ಷು ಬಾಯಲ್ಲೇ ಇತ್ತು.

ಇನ್ನೊಂದು ನೆನಪಾಯಿತು. ಹೋದ ವರ್ಷ ಹಾಡಿನ ಸ್ಪರ್ಧೆಯ ಕಾರ್ಯಕ್ರಮ ಬರುತ್ತಿದ್ದಾಗ ಇಟ್ಟಂಗಿಹಾಳದಲ್ಲಿ ಬಸ್ಸು ಕೆಟ್ಟು ನಾನು ತಡವಾಗಿ ಬಂದೆ. ಬಾಗಿಲು ತೆಗೆದೇ ಇತ್ತು. ನೀನು ಒಬ್ಬಳೇ ಟಿವಿಯ ತೀರ್ಪುಗಾರನ ಜೊತೆ ಜಗಳಕ್ಕೆ ನಿಂತಿದ್ದೆ. “ಆ ಹುಡುಗಿ ಎಲ್ಲಿ ತಪ್ಯಾಳೋ ಯಪ್ಪಾ? ಉಸುರು ಹಿಡದು ಎಷ್ಟ ಚಂದ ಹಾಡ್ಯಾಳ, ನಿನಗ ಕೇಳೂ ತಾಳ್ಮಿ ಇಲ್ಲ!” ಕೈ ಬೀಸಿ ಬೀಸಿ, ಮುಖವೆಲ್ಲ ಅರಳಿಸಿ ಮಾತಾಡುತ್ತಿದ್ದೆ. ಹೊಸ್ತಿಲಲ್ಲೇ ನಿಂತೆ, ಚಂದ ಕಾಣುತ್ತಿದ್ದೆ ನೀನು. ನನ್ನನ್ನು ನೋಡಿದ ಕೂಡಲೇ ಟಿವಿಯ ಸದ್ದು ಕಡಿಮೆ ಮಾಡಿ ತಾಟು ಹಾಕಲು ಒಳಗೆ ಹೋದೆ. ಹಸಿವಾಗಿತ್ತು, ಊಟಕ್ಕೆ ಕೂತೆ. ಅವತ್ತು ನಾನು ಕೇಳಬೇಕಿತ್ತು.

ನಾಲ್ಕನೆಯ ಹಾಳೆಯಲ್ಲಿ ಆ ಕಾರ್ಯಕ್ರಮದ ಹೆಸರು ಬರೆದು ಅದನ್ನೂ ಹರಿದೆ. ನೀನು ಇಷ್ಟಪಟ್ಟಿದ್ದು ಕಾರ್ಯಕ್ರಮವನ್ನೋ, ನಾನಿಲ್ಲದ ಆ ಒಂದು ತಾಸನ್ನೋ, ನನಗೆ ಬಿಡಿಸಲಾಗುತ್ತಿಲ್ಲ. ಲೆಕ್ಕದಲ್ಲಾದರೆ ಗೊತ್ತಿಲ್ಲದ್ದಕ್ಕೆ ಒಂದು ಅಕ್ಷರ ಇಟ್ಟು ಮುಂದೆ ಹೋಗಬಹುದು. ಹನ್ನೊಂದು ವರ್ಷ ನಿನ್ನ ವಿಷಯದಲ್ಲಿ ಹಾಗೇ ಮುಂದೆ ಹೋಗಿಬಿಟ್ಟಿದ್ದೇನೆ.

ಆದ್ದರಿಂದ ನನ್ನ ಉತ್ತರ: ನನಗೆ ಗೊತ್ತಿಲ್ಲ. ನಿನಗೆ ಯಾವುದು ಸೇರುತ್ತದೆಂದು ಗೊತ್ತಿಲ್ಲ, ಯಾಕೆಂಬುದಂತೂ ಗೊತ್ತೇ ಇಲ್ಲ. ಗೊತ್ತಿದ್ದರೆ ಬರುತ್ತೇನೆ ಎಂದಿದ್ದೆ, ಗೊತ್ತಿಲ್ಲದಿದ್ದರೆ ಏನು ಎಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀನಿಲ್ಲದ ಮನೆ ನನಗೆ ಬೇಡವಾಗಿದೆ. ಇಷ್ಟು ಮಾತ್ರ ಯಾವ ಗೊಂದಲವೂ ಇಲ್ಲದೆ ಬರೆಯಬಲ್ಲೆ.

ಅತ್ತೆಯವರಿಗೆ ನಮಸ್ಕಾರ. ಟ್ರಂಕಿನ ಮುಂದೇನಾಯಿತೆಂದು ಅವರಿಗೆ ಹೇಳಬೇಡ, ಒಂದು ದಿನ ಎಚ್ಚರವಿದ್ದು ಅವರೇ ನೋಡಲಿ.

ಉತ್ತರ ಬರೆಯಲಾಗದೆ ಹಾಳೆ ಒಪ್ಪಿಸುತ್ತಿರುವ,
ಹೇಮಂತ

ತಾ. ಕ.: ಪತ್ರ ಮಡಚುವ ಮೊದಲು ‘ಸಿಗ್ನಲ್ ಮನೆ’ ಎಷ್ಟು ಉದ್ದದ ಸಿನಿಮಾ ಎಂದು ಖಚಿತ ಮಾಡಿಕೊಳ್ಳಲು ಗೂಬೆಯನ್ನು ಒತ್ತಿದೆ. ನಾಲ್ಕು ತಿಂಗಳಿಂದ ನಿನ್ನ ಪಟ್ಟಿಯಲ್ಲೇ ಮುಳುಗಿದ್ದೆ, ನನ್ನದನ್ನು ತೆರೆದೇ ಇರಲಿಲ್ಲ. ಅದರಲ್ಲಿ ‘ಸಿಗ್ನಲ್ ಮನೆ’ ಎಲ್ಲಕ್ಕಿಂತ ಮುಂದೆ ಇದೆ. ಕೆಂಪು ಗೆರೆ ಒಂದು ತಾಸು ಐವತ್ತು ನಿಮಿಷಕ್ಕೆ ನಿಂತಿದೆ. ನಾನು ನೋಡಿದ್ದಲ್ಲ. ಅತ್ತೆಯವರಾಗಿದ್ದರೆ ಅಷ್ಟು ಹೊತ್ತು ಎಚ್ಚರವಿರುತ್ತಿರಲಿಲ್ಲ. ರಿಮೋಟು ಕೆಳಗಿಟ್ಟೆ. ಗೆರೆ ಎಲ್ಲಿತ್ತೋ ಅಲ್ಲೇ ಬಿಟ್ಟಿದ್ದೇನೆ. ಯಾಕೆ ನೋಡುತ್ತಿದ್ದೀ ಎಂದು ಈ ಸಲ ನಾನು ಊಹಿಸುವುದಿಲ್ಲ, ಕೇಳುತ್ತಿದ್ದೇನೆ. ಪೂರ್ತಿ ನೋಡಿದ ಮೇಲೆ ನಿನಗೇನನಿಸಿತು ಎಂದು ಬರಿ. ಚೆನ್ನಾಗಿಲ್ಲ ಅನಿಸಿದರೂ ಬರಿ. ಸಿಗ್ನಲ್‌ಮನ್ ಕಂದೀಲು ಹಿಡಿದು ಹೊರಗೆ ಬರುವ ಹೊತ್ತಿಗೆ ನೀನು ನಿಲ್ಲಿಸಿದ್ದೀ. ಮುಂದೆ ಏನಾಗುತ್ತದೆಂದು ನನಗೆ ಗೊತ್ತು. ಹೇಳುವುದಿಲ್ಲ.