ಬೀಳುವ ಬೆಲೆಗೆ ಕೊಟ್ಟ ಮಾತು

ಮಲ್ಪೆ ಮೇಲ್ದಂಡೆ
೨೧೯೧, ಮೂರನೆಯ ಮಳೆಗಾಲ

ನನ್ನವರ ಮುತ್ತಜ್ಜಿಯ ಮುತ್ತಜ್ಜಿ ವಾರಿಜಮ್ಮನವರಿಗೆ, ನಿಮ್ಮ ಮನೆಯ ಸೊಸೆ ಇಂದ್ರಾವತಿಯ ನಮಸ್ಕಾರಗಳು.

ನಮ್ಮಲ್ಲಿ ಈಗ ವರ್ಷಕ್ಕೆ ಮೂರು ಮಳೆಗಾಲ. ಮೇಲಿನ ದಿನಾಂಕವೂ ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನೀವು ಪುಟ್ ಆಪ್ಷನ್ ಮಾರುವುದು ಎನ್ನುತ್ತಿದ್ದುದನ್ನು ನಾವು ‘ಬೀಳುಮಾತು’ ಎನ್ನುತ್ತೇವೆ. ಒಂದು ಷೇರು ಎಷ್ಟೇ ಕೆಳಗೆ ಬಿದ್ದರೂ, ಎದುರಿನವರು ಗಡುವಿನೊಳಗೆ ಕೇಳಿದರೆ ಗೊತ್ತುಮಾಡಿದ ಬೆಲೆಗೇ ಕೊಳ್ಳುತ್ತೇನೆಂದು ಮಾತು ಕೊಡುವುದು. ಆ ಮಾತಿಗೆ ಮೊದಲೇ ಕೂಲಿ ಪಡೆಯುವುದು. ಕೊಳ್ಳಲು ಬೇಕಾದ ಪೂರ್ತಿ ಹಣವನ್ನು ಮುಟ್ಟದೆ ಕಟ್ಟಿಡುವುದು. ಸಾಲ ಮಾಡಿ ಆಡಬಾರದು, ಬೇಡದ ಷೇರಿನ ಮೇಲೆ ಮಾತು ಕೊಡಬಾರದು ಎಂಬ ನಿಮ್ಮ ಎರಡು ನಿಯಮಗಳು ನಮ್ಮ ಮನೆಯಲ್ಲಿ ದೇವರ ಮಾತಿನಂತೆ ಉಳಿದುಬಂದಿದ್ದವು.

ನನ್ನವರು ದಾಮೋದರ ಕುಂದರ್ ಅವನ್ನು ಒಮ್ಮೆಯೂ ಮೀರಲಿಲ್ಲ. ಅವರು ಅಲೆಗೋಡೆಯ ಪಂಪುಗಳನ್ನು ನೋಡಿಕೊಳ್ಳುತ್ತಿದ್ದರು. ಅಲೆಗೋಡೆಯೆಂದರೆ ಊರನ್ನು ಸಮುದ್ರದಿಂದ ಕಾಯುತ್ತಿದ್ದ ಗೋಡೆ. ಅದರ ನೆರಳಿನಲ್ಲೇ ನಮ್ಮ ಮನೆ. ನೆಲಮಹಡಿಯಲ್ಲಿ ಮೀನು ಸಾಕುತ್ತಿದ್ದೆವು, ಮೇಲೆ ನಾವಿರುತ್ತಿದ್ದೆವು. ಬಟ್ಟೆ ಒಣಗಿಸಲು ಪಂಪಿನ ಬಿಸಿಗಾಳಿ ಬರುವ ಕಿಂಡಿಯ ಮುಂದೆ ಹೆಂಗಸರೆಲ್ಲ ಸೇರುತ್ತಿದ್ದೆವು. ಗುಡ್ಡದ ಮೇಲೊಂದು ಮನೆ ಮಾಡಬೇಕೆಂದು ಮದುವೆಯಾದಾಗಿನಿಂದ ಕೂಡಿಸುತ್ತಿದ್ದ ಹಣವನ್ನೇ ಅವರು ಬೀಳುಮಾತಿಗೆ ಕಟ್ಟಿಟ್ಟರು. ಷೇರು ಗೋಡೆ ಕಟ್ಟಿದ ಕಂಪನಿಯದೇ. ತಿಂಗಳು ತಿಂಗಳು ಕೂಲಿ ಬಂತು. ಆ ದುಡ್ಡಿನಲ್ಲಿ ನನಗೊಂದು ವೀಣೆ ಕೊಡಿಸಿದರು.

ಆಮೇಲೊಂದು ಮಳೆಗಾಲದಲ್ಲಿ ಗೋಡೆಯ ತೆಂಕಣ ತುದಿ ಬಿರುಕು ಬಿಟ್ಟಿತು. ಷೇರು ಇಳಿಯತೊಡಗಿತು. ಸ್ವಲ್ಪ ನಷ್ಟಕ್ಕೆ ಕೊಟ್ಟ ಮಾತನ್ನು ಮರಳಿ ಕೊಂಡು ಬಿಡಿಸಿಕೊಳ್ಳಲು ಆಗಿನ್ನೂ ಅವಕಾಶವಿತ್ತು.

“ಬಿಡಿಸಿಕೊಳ್ಳಿ. ಸ್ವಲ್ಪ ಹೋದ್ರೆ ಹೋಗ್ಲಿ. ಗುಡ್ಡದ ಮನೆಗೆ ಉಳಿದದ್ದು ಸಾಕು,” ಎಂದೆ.

“ಹೆದರ್ಬೇಡ ಮಾರಾಯ್ತಿ,” ಎಂದರು. “ಗೋಡೆಯನ್ನು ನಾನು ದಿನಾ ನೋಡುದಲ್ವಾ? ಬಂದ್ರೆ ಒಳ್ಳೆ ಷೇರೇ ನಮ್ಮ ಕೈಗೆ ಬರ್ತದೆ. ಕಾದ್ರೆ ಏರ್ತದೆ.”

ಅವರು ಸುಳ್ಳು ಹೇಳಲಿಲ್ಲ. ಅದು ಏರುವವರೆಗೆ ಕಾಯಲು ನಮಗೊಂದು ಜಾಗ ಬೇಕಿತ್ತು, ಅಷ್ಟೆ. ಗಡುವಿನ ದಿನ ಕಟ್ಟಿಟ್ಟ ಹಣವೆಲ್ಲ ಹೋಗಿ, ಯಾರಿಗೂ ಬೇಡವಾದ ಷೇರುಗಳು ನಮ್ಮ ಹೆಸರಿಗೆ ಬಂದವು. ಅದೇ ವಾರ ಗೋಡೆ ಒಡೆಯಿತು. ಮನೆ ಹೋಯಿತು, ಅವರ ಕೆಲಸ ಹೋಯಿತು. ಹಣವಿದ್ದವರು ಗುಡ್ಡ ಹತ್ತಿದರು. ನಾವು ಆಸರೆ ಶೆಡ್ಡಿಗೆ ಹೋದೆವು. ಅಲ್ಲಿಯ ತೇವ ಅವರ ಎದೆಗೆ ಇಳಿಯಿತು. ಕೊನೆಕೊನೆಗೆ ಉಸಿರು ಹಿಡಿದು ಹಿಡಿದು ಮಾತಾಡುತ್ತಿದ್ದರು.

“ನಾನು ತಪ್ಪಿದ್ದೆಲ್ಲಿ ಇಂದ್ರಾ? ನಿಯಮ ಬಿಟ್ಟು ಒಂದು ಹೆಜ್ಜೆ ಇಟ್ಟಿದ್ದೇನಾ?”

“ಇಲ್ಲ,” ಎಂದೆ. ಮುಂದಿನ ಮಳೆ ಅವರು ನೋಡಲಿಲ್ಲ.

ವಾರಿಜಮ್ಮ, ಅವರ ಪ್ರಶ್ನೆಗೆ ಉತ್ತರ ನನಗೆ ತಡವಾಗಿ ಹೊಳೆಯಿತು. ಷೇರು ಬಿದ್ದ ದಿನವೇ ನಮಗೂ ಆ ಹಣ ಬೇಕಾಗಿತ್ತು. ಕೆಲಸ, ಮನೆ, ಉಳಿತಾಯ ಮೂರನ್ನೂ ಒಂದೇ ಗೋಡೆಗೆ ಒರಗಿಸಿದ್ದೆವು. ಹಣ ಪೂರ್ತಿ ಕಟ್ಟಿಟ್ಟಿದ್ದರಿಂದ ಸಾಲಗಾರರಾಗಲಿಲ್ಲ, ನಿಜ. ಆದರೆ ಅದು ನಮ್ಮ ಪಾಲಿಗೆ ಮಿಕ್ಕಿದ್ದ ಹಣವಲ್ಲ. ಅದಕ್ಕೆ ಗುಡ್ಡದ ಮನೆಯೆಂಬ ಹೆಸರು ಆಗಲೇ ಇತ್ತು.

ಬೀಳುಮಾತು ಮಾರಬೇಡಿ ಎನ್ನಲಾರೆ. ನಿಮಗೆ ಅದರಿಂದ ಒಳ್ಳೆಯದೇ ಆಗಿದೆಯೆಂದು ಕೇಳಿದ್ದೇನೆ. ಮಕ್ಕಳಿಗೆ ಕಲಿಸುವಾಗ ಮೂರನೆಯ ನಿಯಮವೊಂದನ್ನು ಸೇರಿಸಿ, ಇಷ್ಟೇ ನನ್ನ ಬೇಡಿಕೆ: ಹೆಸರಿಟ್ಟ ಹಣವನ್ನು ಕಟ್ಟಿಡಬೇಡಿ. ಈ ಪತ್ರ ನಿಮಗೆ ಮುಟ್ಟಿದರೆ ದಾಮೋದರ ಗುಡ್ಡದ ಮನೆಯಲ್ಲಿ ಮುದುಕರಾಗುತ್ತಾರೆ. ಮುಟ್ಟಲಿಲ್ಲವೆಂದು ನನಗೆ ಗೊತ್ತು. ಅವರು ತೀರಿಕೊಂಡ ವಯಸ್ಸನ್ನು ದಾಟಿ, ಈಗ ನಾನೇ ಅವರಿಗಿಂತ ದೊಡ್ಡವಳು.

ಇಂದ್ರಾವತಿ