ಸಿಯುನೆಯವರ ತಲೆಯ ಮೇಲಿನ ಲಂಗ

ಸಿಂಬು ಬೆಟ್ಟ,
ಜೂನ್ ಒಂಬತ್ತು

ಪ್ರೀತಿಯ ಲೂಸಿಯಕ್ಕನಿಗೆ,

ಲೋಕದ ಸಕಲ ಜನರಿಗೂ ಈ ಮೂಲಕ ಸಾರುವುದೇನೆಂದರೆ, ನಮ್ಮ ಮಹಿಳಾ ಚರಿತ್ರೆಯ ಸಂಗ್ರಹಾಲಯಕ್ಕೆ ಒಂದು ಕಾಲೊರೆಸು ಬಂದಿದೆ. ಹಸಿರು ಬಣ್ಣದ್ದು, ಒಂದು ಅಂಚು ಇಲಿ ಕಡಿದದ್ದು. ನಾವು ಹೆಂಗಸರು ಸಾಲಾಗಿ ಕಾಲೊರೆಸಿ ಅದರ ಉದ್ಘಾಟನೆಯನ್ನೂ ಮಾಡಿದೆವು.

ತಮಾಷೆ ಬರೆಯುತ್ತಿದ್ದರೆ ಬಾಗಿಲ ಕಡೆ ನೋಡುವುದು ಸ್ವಲ್ಪ ಕಡಿಮೆಯಾಗುತ್ತದೆ, ಅದಕ್ಕೆ.

ಕೌನ್ಸಿಲ್ ಕಚೇರಿಯ ಸೋರುವ ಮಹಡಿಯನ್ನು ನಮಗೆ ಕೊಟ್ಟವರು ಕೌನ್ಸಿಲರ್ ಸಿಯುನೆಯವರೇ. “ಹೆಂಗಸ್ರು ಹೇಗೂ ನಮ್ಮ ತಲೆ ಮೇಲೆ ಕೂತಿದೀರ. ಇನ್ಮೇಲೆ ಕಾಗದ ಪತ್ರ ಮಾಡ್ಕೊಂಡೇ ಕೂತ್ಕೊಳ್ಳಿ” ಎಂದು ನಕ್ಕು ಬೀಗದ ಕೈ ಕೊಟ್ಟರು. ಹೆಣೆದ ನಾರಿನ ಚೀಲಗಳು, ಗೆಣಸು ಅಗೆಯುವ ಕೋಲುಗಳು, ಹಂದಿಮರಿ ಕಟ್ಟುವ ಹಗ್ಗ ಮೇಲೇರಿದಾಗ ಯಾರಿಗೂ ತಲೆನೋವು ಬರಲಿಲ್ಲ. ಪ್ರತಿಯೊಂದರ ಕೆಳಗೂ ಚೀಟಿ ಅಂಟಿಸಿ, ಕೊಟ್ಟವಳ ಹೆಸರನ್ನು ದಪ್ಪಕ್ಷರದಲ್ಲಿ ಬರೆದೆ. ನಮ್ಮವರ ಹೆಸರು ಇನ್ನೆಲ್ಲೂ ಇಲ್ಲ, ಇಲ್ಲಾದರೂ ಇರಲಿ ಎಂದೇ ಅಲ್ಲವೆ ಈ ಸಾಹಸ?

ಹೋದ ವಾರ ಯೊಹಾನಾ ಅಜ್ಜಿ ತನ್ನ ತಾಯಿಯ ನಾರಿನ ಲಂಗ ತಂದಳು. ನಾನು ಅದನ್ನು ತೂಗುಹಾಕಿದ್ದು, ಕೆಳಗಿನ ಕಚೇರಿಯಲ್ಲಿ ಸಿಯುನೆಯವರ ಕುರ್ಚಿಯಿದೆಯಲ್ಲ, ಸರಿಯಾಗಿ ಅದರ ನೇರಕ್ಕೆ. ಹೆಂಗಸರ ಲಂಗದಡಿ ಹಾದ ಗಂಡಸು ಕಾಯಿಲೆ ಬೀಳುತ್ತಾನೆಂದು, ಒಗೆದ ಬಟ್ಟೆ ಒಣಹಾಕಿದಾಗ ಅಪ್ಪ ಅದರಡಿ ನುಸುಳದಂತೆ ಅಮ್ಮ ಕಾವಲು ನಿಲ್ಲುತ್ತಿದ್ದಳಲ್ಲ, ನನಗೆ ಅದು ನೆನಪೇ ಆಗಲಿಲ್ಲ. ಅಜ್ಜಿಗೆ ನೆನಪಾಯಿತು. ಆದರೆ ಆಕೆ ಸೊಂಟಕ್ಕೆ ಕೈಯಿಟ್ಟು, “ಇರ್ಲಿ ಬಿಡೇ. ಕೆಳಗಿರೋ ಗಂಡಸ್ರೆಲ್ಲ ಇದರ ಕೆಳಗಿಂದಾನೇ ಅಲ್ವಾ ಬಂದಿದ್ದು?” ಎಂದಳು. ಕಿಟಕಿ ತೆರೆದಿತ್ತು. ಮಾತು ಸಂತೆಯವರೆಗೂ ಹೋಯಿತು. ಆಡಿದವಳ ಹೆಸರು ಮಾತ್ರ ದಾರಿಯಲ್ಲೆಲ್ಲೋ ಉದುರಿತು.

ಆ ವಾರವೇ ಸಿಯುನೆಯವರು ಎದೆ ಹಿಡಿದುಕೊಂಡು ಕುರ್ಚಿಯಲ್ಲೇ ಕುಸಿದರು. ರಕ್ತನಾಳ ಕಟ್ಟಿದೆ ಎಂದರು ಡಾಕ್ಟರು. ಕಟ್ಟಿದವಳು ಯಾರು ಎಂದರು ಮನೆಯವರು.

ಸಂತೆಯಲ್ಲಿ ಈಗ ಯಾರೂ ನಗುತ್ತಿಲ್ಲ. ನದಿಯಾಚೆಯ ವಿಧವೆಗೆ ಮಾಟಗಾತಿ ಎಂದು ಹೆಸರಿಟ್ಟ ಮೇಲೆ ಏನಾಯಿತೆಂದು ನಿನಗೆ ಗೊತ್ತು. ಅವಳ ಮನೆಯಿದ್ದಲ್ಲಿ ಬೂದಿಯಿದೆ.

ನಿನ್ನೆ ಸಿಯುನೆಯವರ ಅಣ್ಣನ ಮಕ್ಕಳು ಬಂದರು. ಕೈಯಲ್ಲಿ ಕತ್ತಿ. ತೋಟಕ್ಕೆ ಹೊರಟಿರಬಹುದು ಎಂದುಕೊಂಡೆ. ಲಂಗದ ಹತ್ತಿರ ಬರಲು ಅವರಿಗೂ ಭಯ. ಮೆಟ್ಟಿಲ ಕೆಳಗೇ ನಿಂತರು.

“ಅಕ್ಕಾ, ಆ ಲಂಗ ಯಾರು ಕೊಟ್ಟಿದ್ದು?”

“ಯಾಕಪ್ಪಾ?”

“ಸುಮ್ನೆ. ಚರಿತ್ರೆ ತಿಳ್ಕೊಳ್ಳೋಣ ಅಂತ. ಹೆಸರು ಬರ್ದಿದೀರಂತಲ್ಲ, ಅಲ್ಲಿಂದ್ಲೇ ಓದಿ.”

ಮಹಿಳಾ ಚರಿತ್ರೆಯಲ್ಲಿ ಇಷ್ಟು ಶ್ರದ್ಧೆ ತೋರಿದ ಗಂಡಸರು ಇವರೇ ಮೊದಲು. ಚೀಟಿಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಒಂದು ಹೆಸರು ಓದಿದೆ. ಅವರು ಮುಖ ಮುಖ ನೋಡಿಕೊಂಡು ಹೊರಟುಹೋದರು.

ಲಂಗ ಇಳಿಸಿಬಿಡು ಎನ್ನುತ್ತೀಯೆ. ಇಳಿಸಿದರೆ ತಪ್ಪು ಒಪ್ಪಿಕೊಂಡಂತೆ, ಬಿಟ್ಟರೆ ಹಠ ಹಿಡಿದಂತೆ. ಪಾದ್ರಿಗಳಿಗೆ ಹೇಳಿದೆ, ಪ್ರಾರ್ಥನೆ ಮಾಡುತ್ತಾರಂತೆ. ಪೊಲೀಸರಿಗೆ ಹೇಳಿದೆ, ಗಾಡಿಗೆ ಡೀಸೆಲ್ ಇಲ್ಲವಂತೆ. ನೀನು ಗಾಬರಿಯಾಗಬೇಡ. ಆ ಕೆಲಸವನ್ನು ನಾನೇ ಸಾಕಷ್ಟು ಮಾಡುತ್ತಿದ್ದೇನೆ.

ಬಾಗಿಲು ಭದ್ರಪಡಿಸಿ ಕೂತಿರುವ ನಿನ್ನ ತಂಗಿ,
ವೆರೋನಿಕಾ

ತಾ.ಕ.: ನಾನು ಓದಿದ್ದು ಚೀಟಿಯಲ್ಲಿದ್ದ ಹೆಸರಲ್ಲ, ನನ್ನದು. ಅಮ್ಮನಿಗೆ ಹೇಳಬೇಡ. ಈ ಕಾಗದ ತಂದುಕೊಟ್ಟಾಕೆಯೇ ಯೊಹಾನಾ ಅಜ್ಜಿ. ಎಲೆಕೋಸಿನ ಲಾರಿಯಲ್ಲಿ ಮೂಟೆಗಳ ನಡುವೆ ಕೂರಿಸಿ ಕಳಿಸಿದ್ದೇನೆ. ಹಿಂದೆಯೇ ಬರುತ್ತೇನೆಂದು ಆಕೆಗೆ ಹೇಳಿದ್ದೇನೆ. ಬರಲಾರೆ. ನಾನೂ ಕಾಣೆಯಾದರೆ ಅವರು ಉಳಿದ ಹೆಂಗಸರ ಚೀಟಿಗಳನ್ನು ಓದಿಸುತ್ತಾರೆ. ಅಜ್ಜಿಗೆ ಹಲ್ಲಿಲ್ಲ. ಗೆಣಸನ್ನು ಚೆನ್ನಾಗಿ ಮೆತ್ತಗೆ ಬೇಯಿಸಿ ಕೊಡು.