ತಗಡು ಉಜ್ಜಬೇಡ

ಭಾನುವಾರ, ಮಧ್ಯಾಹ್ನ

ನನ್ನ ಗೀಚುಪುಟ್ಟಿಗೆ,

ಸಿಟ್ಟು ಇಳಿದಿದ್ದರೆ ಈಗಲೇ ಓದು, ಇಲ್ಲದಿದ್ದರೆ ಒಂದು ಲೋಟ ನೀರು ಕುಡಿದು ಓದು. ಅಪ್ಪನ ಕಣ್ಣಿನ ಆಪರೇಷನ್ ವಿಷಯ ಕೊನೆಗೆ ಬರೆಯುತ್ತೇನೆ. ಮೊದಲು ನಿನ್ನ ಚಿತ್ರ.

ನೀನು ಕಳಿಸಿದ ಅಚ್ಚಿನ ಸುರುಳಿ ಬಿಚ್ಚಿ ಊಟದ ಮೇಜಿನ ಮೇಲೆ ಹಾಸಿ, ಮೂಲೆಗಳಿಗೆ ಲೋಟ ಇಟ್ಟೆ. ನಮ್ಮ ಬೀದಿ! ಹತ್ತಿರದ ಬಾಲ್ಕನಿಗಳು ಇದ್ದಿಲಿನಷ್ಟು ಕಪ್ಪು, ಅದರಾಚೆಯ ತಿರುವು ಬೂದು, ಕೊನೆಯ ಗಡಿಯಾರದ ಗೋಪುರ ಕೂದಲೆಳೆಯಷ್ಟು ತೆಳು. ಒಂದು ಹಾಳೆಯೊಳಗೆ ಇಷ್ಟು ದೂರವನ್ನು ಹೇಗೆ ತುಂಬಿಸಿದೆಯೇ, ಜಾಣೆ? ಚಪ್ಪಲಿ ಮೆಟ್ಟಿಕೊಂಡು ಒಳಗೆ ನಡೆದುಬಿಡೋಣ ಅನ್ನಿಸಿತು. ನಮ್ಮ ಅಡುಗೆಮನೆ ಕಿಟಕಿಯ ಬೆಳಕು ಹುಡುಕಿದರೆ, ಅಲ್ಲಿ ನೀನು ಒಂದು ಗೆರೆಯನ್ನೂ ಎಳೆದಿಲ್ಲ. ಬರೀ ಬಿಳಿ ಕಾಗದ. ಸುತ್ತ ಅಷ್ಟು ಕತ್ತಲಿರುವುದಕ್ಕೇ ಅದು ಹಾಗೆ ಉರಿಯುತ್ತಿದೆ. ನಿಜ ಹೇಳುತ್ತೇನೆ, ಕಣ್ಣು ತುಂಬಿ ಬಂತು.

ಆದರೆ ನೀನು ಬರೆದಿದ್ದೇನು? ಆಸ್ಪತ್ರೆಯಿಂದ ನಾನು ಫೋನ್ ಮಾಡಿದ್ದರಿಂದ ಚಿತ್ರ ಗೀಚಿದ ತಾಮ್ರದ ತಗಡು ಆಮ್ಲದಲ್ಲೇ ಉಳಿಯಿತು, ಗೆರೆಗಳು ಬೇಕಾದ್ದಕ್ಕಿಂತ ಆಳಕ್ಕೆ ಕೊರೆದುಹೋದವು, ಮಸಿ ದಪ್ಪವಾಗಿ ಕೂತಿತು, ಗುರುಗಳು ಮೂಗು ಮುರಿದರು, ಇನ್ನು ತಗಡು ಉಜ್ಜಿ ಎಲ್ಲ ಅಳಿಸಿಬಿಡುತ್ತೇನೆ ಎಂದು. ಗುರುಗಳ ಮೂಗು ಗುರುಗಳ ಹತ್ತಿರ ಇರಲಿ. ನೀನು ಉಜ್ಜಬೇಡ.

ದೂರು ಇರುವುದು ಒಂದೇ, ಅದೂ ನಿನ್ನ ಅಪ್ಪನದು. ಜೀವಮಾನವೆಲ್ಲ ಈ ಬೀದಿಯಲ್ಲಿ ಬಸ್ಸು ಓಡಿಸಿದವರಲ್ಲವೇ, ಚಿತ್ರ ಮುಂದಿಟ್ಟ ಸ್ವಲ್ಪ ಹೊತ್ತಿಗೇ ತಪ್ಪು ಹಿಡಿದರು. ಎಡಗಡೆ ಇರೋ ಮನೇನ ಬಲಕ್ಕೆ ಹಾಕಿದಾಳೆ, ಇವಳ ಕೈಗೆ ಬಸ್ಸು ಕೊಟ್ಟರೆ ದೇವರೇ ಗತಿ ಅಂದರು. ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ ಎಂದು ನೀನು ಹೇಳಿಕೊಟ್ಟಿದ್ದನ್ನು ನಾನು ಜಂಬದಿಂದ ವಿವರಿಸಿದೆ. ಹಾಗಾದ್ರೆ ರಿವರ್ಸ್ ಗೇರು ಅಂತ ಹೇಳು ಎಂದು ನಕ್ಕರು. ಆಸ್ಪತ್ರೆಯಿಂದ ಬಂದಮೇಲೆ ಅವರು ನಕ್ಕಿದ್ದು ಅದೇ ಮೊದಲು.

ಊಟಕ್ಕೆ ಮುಂಚೆ ಕೈ ಚೆನ್ನಾಗಿ ತೊಳೆದುಕೋ, ಆ ಮಸಿ ಹೊಟ್ಟೆಗೆ ಹೋದೀತು.

ನಿನ್ನ ಗೆರೆಗಳಿಗೆ ಮರುಳಾದ
ಅಮ್ಮ

ತಾ.ಕ.: ಕಣ್ಣಿನ ಕಟ್ಟು ಬಿಚ್ಚಿದರು. ದೃಷ್ಟಿ ಬರಲಿಲ್ಲ, ಇನ್ನು ಬರುವುದೂ ಇಲ್ಲ ಅಂದರು ಡಾಕ್ಟರು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ. ಅಪ್ಪ ನಿನ್ನ ಚಿತ್ರ ನೋಡಿದ್ದು ಬೆರಳಿನಿಂದ. ನೀನು ಹಾಳಾಯಿತು ಎಂದೆಯಲ್ಲ, ಆ ದಪ್ಪ ಮಸಿ ಕಾಗದದ ಮೇಲೆ ಉಬ್ಬಿ ನಿಂತಿದೆ. ಬೀದಿಯುದ್ದಕ್ಕೂ ಅದನ್ನೇ ಸವರುತ್ತಾ ಹೋದವರು, ನುಣ್ಣಗಿದ್ದ ಒಂದು ಪುಟ್ಟ ಚೌಕದ ಮೇಲೆ ಬೆರಳು ನಿಲ್ಲಿಸಿ, ಅಡುಗೆಮನೆ ದೀಪ ಉರೀತಿದೆ ಅಲ್ವೇನೇ ಅಂದರು.